ಮುಚ್ಚಲಾಗದ ಮೂಗು

ತನ್ನ ಅಕ್ಕನ ಚಿತ್ರ ಬರೆದವಳೇ ಈಗ ಗ್ಯಾಲರಿಯಲ್ಲಿ, ಜನರೆದುರು, ದಿನಕ್ಕೊಂದು ಪದರ ಬಿಳಿ ಬಣ್ಣ ಬಳಿದು ಅದನ್ನು ಮುಚ್ಚುತ್ತಿದ್ದಳು. ಮುಗಿಯುವವರೆಗೆ ನೋಡುಗರೊಂದಿಗೆ ಮಾತಿಲ್ಲ. ಇದು ಅವಳೇ ಹಾಕಿಕೊಂಡ ಕಟ್ಟಳೆ. ಅಕ್ಕ ಸತ್ತಾಗ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ನೆಂಟರು ‘ಕಲ್ಲು ಹುಡುಗಿ’ ಎಂದಿದ್ದರು. ಮುಖ ಪೂರ್ತಿ ಮರೆಯಾದ ದಿನವಾದರೂ ಎದೆಯೊಳಗೆ ಗಂಟು ಕಟ್ಟಿದ್ದು ಸಡಿಲವಾದೀತೆಂದು ಅವಳು ಕಾದಿದ್ದಳು.

ಕಣ್ಣುಗಳು ಮೊದಲು ಹೋದವು. ಆಮೇಲೆ ತುಟಿ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು. ಕೊನೆಯ ದಿನ ಕ್ಯಾನ್ವಾಸೆಲ್ಲ ಬಿಳಿ. ಆದರೆ ಮೂಗು ಹೋಗಿರಲಿಲ್ಲ. ಅಕ್ಕನನ್ನು ರೇಗಿಸಲೆಂದೇ, ಚಿತ್ರ ಬರೆಯುವಾಗ ಅದನ್ನು ಚಾಕುವಿನಿಂದ ಬಣ್ಣ ಮೆತ್ತಿ ಮೆತ್ತಿ ಎಬ್ಬಿಸಿದ್ದಳು. ಈಗ ಪಕ್ಕದ ದೀಪದ ಬೆಳಕಿಗೆ ಅದರ ನೆರಳು, ಕೆನ್ನೆಯಿದ್ದ ಜಾಗದ ಮೇಲೆ ಉದ್ದಕ್ಕೆ ಬಿದ್ದಿತ್ತು.

ಗ್ಯಾಲರಿಯ ಮ್ಯಾನೇಜರು ಹತ್ತಿರ ಬಂದು ಪಿಸುಗುಟ್ಟಿದ. “ಉಪ್ಪುಕಾಗದ ತಗೊಳ್ಳಿ ಮೇಡಂ. ಸ್ವಲ್ಪ ಉಜ್ಜಿದ್ರೆ ನುಣ್ಣಗಾಗತ್ತೆ.”

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಚಿಕ್ಕಮ್ಮನ ದನಿ ಎದ್ದಿತು. ಚಿಕ್ಕಮ್ಮ ಗ್ಯಾಲರಿಗೆ ಬಂದದ್ದು ಇದೇ ಮೊದಲು. “ಅಯ್ಯೋ, ಎಲ್ಲಾ ಹೋದ್ರೂ ಆ ಮೂಗು ಹೋಗ್ಲಿಲ್ವಲ್ಲೇ! ಬಾಗಿಲಿಗೆ ಮೊದಲು ಮೂಗು ಬರೋದು, ಹಿಂದಿನಿಂದ ನಿಮ್ಮಕ್ಕ ಬರೋಳು.”

“ಶ್! ಪ್ರದರ್ಶನ ನಡೀತಿದೆ,” ಎಂದ ಯಾರೋ.

“ನಡೀಲಿ ಬಿಡಪ್ಪ. ಮೂಗು ನಮ್ಮನೇದು.”

ನಗು ಗಂಟಲಿಗೆ ಬಂತು. ಅದನ್ನು ನುಂಗಿ ಅವಳು ಉಪ್ಪುಕಾಗದ ತಗೊಂಡು ಉಜ್ಜಿದಳು. ಬಿಳಿ ಪುಡಿ ಉದುರಿತು. ಮೂಗಿನ ತುದಿಯಲ್ಲಿ, ಅಷ್ಟೂ ಪದರಗಳ ಕೆಳಗಿಂದ, ಅಕ್ಕನ ಮೈಬಣ್ಣ ನಸುಗೆಂಪಾಗಿ ಇಣುಕಿತು.

“ನೆಗಡಿ ಆದಾಗ ಹೀಗೇ ಕೆಂಪಗೆ ಕಾಣೋದು ಕಣೇ,” ಎಂದಳು ಚಿಕ್ಕಮ್ಮ, ಈ ಸಲ ಮೆತ್ತಗೆ.

ಉಜ್ಜುತ್ತಿದ್ದ ಕೈ ನಿಂತಿತು. ಬಿಳಿಯಲ್ಲಿ ಅದ್ದಿದ ಕುಂಚ ಪಕ್ಕದಲ್ಲೇ ಇತ್ತು. ಒಂದು ಸಲ ಎಳೆದರೆ ಸಾಕಿತ್ತು. ಎಳೆಯಲಿಲ್ಲ. ಜನ ಇನ್ನೇನೋ ಆಗುತ್ತದೆಂದು ಕಾದರು, ಮುಖಮುಖ ನೋಡಿಕೊಂಡರು, ಒಬ್ಬೊಬ್ಬರಾಗಿ ಹೊರಟರು. ಚಿಕ್ಕಮ್ಮ ಅವಳ ತಲೆ ಸವರಿ, ಬಸ್ಸು ತಪ್ಪೀತೆಂದು ಓಡಿದಳು. ಮ್ಯಾನೇಜರು ದೀಪಗಳನ್ನು ಆರಿಸುತ್ತ ಬಂದ.

“ಪಕ್ಕದ್ದು ಒಂದು ಇರಲಿ,” ಎಂದಳು.

ಅವನೂ ಹೊರಗೆ ಹೋದ. ಅವಳು ನೆಲದ ಮೇಲೆ ಕೂತು, ಕೈ ಚಾಚಿ, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಅಕ್ಕನ ಮೂಗು ಹಿಡಿದಳು. ಬಯ್ಯಲು ಯಾರೂ ಇರಲಿಲ್ಲ. ಆಗ ಅಳು ಬಂತು. ಕಲ್ಲು ಹುಡುಗಿ ಎಂದವರೊಬ್ಬರೂ ಅದನ್ನು ನೋಡಲಿಲ್ಲ.