ಹತ್ತು ಗಂಟೆಗೆ ಬೀಗ

ಭದ್ರಾವತಿ ನ್ಯೂಟೌನಿನ ಆ ಪಾರ್ಕಿಗೆ ಬೆಳಗ್ಗೆ ಹತ್ತಕ್ಕೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಸಂಜೆ ನಾಲ್ಕಕ್ಕೆ. ಸಕ್ಕರೆ ಕಾಯಿಲೆಯವರು ನಡೆಯುವ ಹೊತ್ತಿಗೆ ತೆರೆದಿರುತ್ತದೆ, ಶಾಲೆ ನಡೆಯುವ ಹೊತ್ತಿಗೆ ಮುಚ್ಚಿರುತ್ತದೆ. ಯಾವ ಪುಣ್ಯಾತ್ಮ ಈ ವೇಳೆ ಗೊತ್ತುಮಾಡಿದನೋ, ಅವನ ಮನೆಯಲ್ಲಿ ಮಕ್ಕಳಿರಲಿಲ್ಲ ಅಂತ ಕಾಣುತ್ತದೆ. ಊರವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಿದ್ದವಳು ರಂಜಿನಿ ಒಬ್ಬಳೇ. ಅವಳು ಶಿವಮೊಗ್ಗದ ಆಲ್ಕೊಳದಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡಿ ಹೋಗುವವಳು. ಗೇಟಿನ ಪಕ್ಕ ಸಮಯದ ಬೋರ್ಡೇನೋ ಇತ್ತು, ಆದರೆ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು.

ರಂಜಿನಿ ಅಲ್ಲಿನ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಹೆಡ್‌ಮಾಸ್ಟರು ಬೇಡ ಅಂದ ಮರುದಿನ ಅವಳು ಯಾರೂ ಅಲ್ಲ. ಡಿ.ಎಡ್ ಮುಗಿಸಿ ಮೂರು ವರ್ಷ ದುರ್ಗಿಗುಡಿಯ ಭಾವನ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಬೇರೆಯವರ ಅಂಕಪಟ್ಟಿಗಳನ್ನು ಮಷೀನಿಗೆ ಹಾಕಿ ಹಾಕಿ ಅವಳಿಗೆ ಸಾಕಾಗಿಹೋಗಿತ್ತು. ಈ ಕೆಲಸ ಹೋದರೆ ಮತ್ತೆ ಅದೇ ಮಷೀನು, ಭಾವನ ಅದೇ ಗೊಣಗಾಟ. ನೆನೆಸಿಕೊಂಡರೇ ಅವಳಿಗೆ ಹೆದರಿಕೆಯಾಗುತ್ತಿತ್ತು.

ಅಷ್ಟು ಹೆದರುವವಳು ಸುಮ್ಮನೆ ಪುಸ್ತಕ ಓದಿಸಿಕೊಂಡು ಇರಬಾರದೇ? ಇರಲಾಗಲಿಲ್ಲ. ಐದನೇ ಕ್ಲಾಸಿನ ಪುಸ್ತಕದಲ್ಲಿ ಎಲೆಯ ಚಿತ್ರ ಕಪ್ಪಗೆ ಮಸಿ ಮೆತ್ತಿದ ಹಾಗಿತ್ತು. ಕಿಟಕಿಯಾಚೆ ಐದು ನಿಮಿಷದ ದಾರಿಯಲ್ಲಿ ಪಾರ್ಕಿನ ತುಂಬ ನಿಜವಾದ ಎಲೆ. ಕರೆದುಕೊಂಡು ಹೋಗಲೇ ಎಂದು ಹೆಡ್‌ಮಾಸ್ಟರ್ ಶಿವಮೂರ್ತಪ್ಪನವರನ್ನು ಮೂರು ಸಲ ಕೇಳಿದಳು. ಅವರು ಕೆಟ್ಟವರಲ್ಲ, ಹೆದರಿದವರು. ಏನಾದರೂ ಆದರೆ ಯಾರು ಉತ್ತರ ಕೊಡುವುದು ಎಂದು ಮೂರು ಸಲವೂ ತಲೆಯಾಡಿಸಿದರು. ಆ ಗುರುವಾರ ಅವರು ಮೀಟಿಂಗಿಗೆಂದು ಶಿವಮೊಗ್ಗಕ್ಕೆ ಹೋದದ್ದೇ ತಡ, ರಂಜಿನಿ ಮೈದಾನದಲ್ಲಿರುತ್ತೇವೆ ಎಂದು ಪಕ್ಕದ ಕ್ಲಾಸಿನವರಿಗೆ ಸುಳ್ಳು ಹೇಳಿ, ಹತ್ತೊಂಬತ್ತು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಒಂಬತ್ತೂಮುಕ್ಕಾಲಿಗೆಲ್ಲ ಪಾರ್ಕಿಗೆ ಬಂದುಬಿಟ್ಟಳು. ಒಂದು ಗಂಟೆಯಲ್ಲಿ ವಾಪಸ್ ಹೋದರಾಯಿತು ಎಂಬುದು ಅವಳ ಲೆಕ್ಕ.

ಮಕ್ಕಳು ಕಾಗದವನ್ನು ಮರದ ತೊಗಟೆಗೆ ಒತ್ತಿ ಹಿಡಿದು ಕ್ರೇಯಾನ್ ತಿಕ್ಕಿ ಅಚ್ಚು ತೆಗೆದರು. ಕಣ್ಣು ಮುಚ್ಚಿಕೊಂಡು ಎಲೆ ಮೂಸಿ ಬೇವು ಯಾವುದು, ಹೊಂಗೆ ಯಾವುದು ಎಂದು ಹೇಳಿದರು. ಕ್ಲಾಸಿನಲ್ಲಿ ಹೆಸರು ಕೂಗಿದರೂ ಬಾಯಿ ಬಿಡದ ಇಂಪನಾ ಮಾವಿನ ಕೊಂಬೆಯಲ್ಲಿ ಎಲೆ ಹೆಣೆದುಕೊಂಡಿದ್ದ ಕೆಂಪಿರುವೆಯ ಗೂಡು ತೋರಿಸಿ, ಇದು ಚಗಳಿ, ನಮ್ಮಜ್ಜಿ ಇದರ ಚಟ್ನಿ ಮಾಡುತ್ತಾಳೆ ಎಂದು ಹತ್ತು ನಿಮಿಷ ಪಾಠ ಮಾಡಿದಳು. ರಂಜಿನಿಗೆ ಆನಂದವಾಯಿತು. ಮೇಷ್ಟ್ರಾಗುವುದೆಂದರೆ ಇದೇ ಅಂದುಕೊಂಡಳು.

ಹತ್ತೂಮುಕ್ಕಾಲಿಗೆ ದಾರಿ ನೋಡಿಬರಲು ಒಬ್ಬಳೇ ಗೇಟಿನ ಬಳಿ ಹೋದಳು. ಒಳಗೆ ಯಾರಿದ್ದಾರೆಂದೂ ನೋಡದೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ವಾಚ್‌ಮನ್ ಇಲ್ಲ, ಅವನ ಸೈಕಲ್ಲೂ ಇಲ್ಲ. ಸುತ್ತಲೂ ಆಳೆತ್ತರದ ಕಬ್ಬಿಣದ ಸರಳು, ತುದಿಯಲ್ಲಿ ಚೂಪು. ಸ್ಕೂಟರಿನಲ್ಲಿ ಹೋಗುತ್ತಿದ್ದವರೊಬ್ಬರನ್ನು ಕೂಗಿ ಕೇಳಿದಳು. ಅವನ ಮನೆ ಎಲ್ಲಿದೆಯೋ ಗೊತ್ತಿಲ್ಲ, ನಾಲ್ಕಕ್ಕೆ ಬರುತ್ತಾನೆ ಎಂದು ಹೇಳಿ ಅವರು ಹೊರಟೇಹೋದರು. ಎಂಥಾ ಕೆಲಸ ಮಾಡ್ಕೊಂಡೆ ಮಾರಾಯ್ತಿ ಎಂದು ತನ್ನನ್ನು ತಾನೇ ಬೈದುಕೊಂಡಳು.

ಮಕ್ಕಳಿಗೆ ಹೇಳಿದರೆ ಗಾಬರಿಯಾದಾರು. ಮುಖದಲ್ಲಿ ನಗು ತಂದುಕೊಂಡು, ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೂಂ ಅಂದರು. ಅವಳು ಪಾಠ ಮುಂದುವರಿಸಿದಳು. ಬಸವನಹುಳು ತೋರಿಸಿದಳು, ಮುಟ್ಟಿದರೆ ಮುನಿ ಮುಟ್ಟಿಸಿದಳು. ಬಾಯಿ ಎಲೆಯ ಮಾತಾಡುತ್ತಿತ್ತು, ಕಣ್ಣು ಹತ್ತು ಸಲ ಗೇಟಿನ ಕಡೆ ಓಡುತ್ತಿತ್ತು. ಹೆಡ್‌ಮಾಸ್ಟರಿಗೆ ಫೋನ್ ಮಾಡಿದರೆ ಬೀಗ ತೆಗೆಸುತ್ತಾರೆ, ಆದರೆ ಆ ಬೀಗದ ಜೊತೆ ತನ್ನ ಕೆಲಸವೂ ಹೋಗುತ್ತದೆ. ಫೋನ್ ಕೈಗೆ ತೆಗೆದುಕೊಂಡಳು, ಮತ್ತೆ ಬ್ಯಾಗಿಗೆ ಹಾಕಿದಳು. ಹೀಗೆ ಎಷ್ಟು ಸಲವೋ. ಯಾರಾದರೂ ಮಾಲಿ ಬಂದೇ ಬರುತ್ತಾನೆ ಎಂದು ಹನ್ನೆರಡರವರೆಗೂ ಕಾದಳು. ನಲ್ಲಿಯಲ್ಲಿ ನೀರಿರಲಿಲ್ಲ. ಮಕ್ಕಳ ಬಾಟಲಿಗಳೂ ಖಾಲಿಯಾದವು.

ಹನ್ನೆರಡೂಕಾಲಿಗೆ ಅಕ್ಷರಾ ಎಂಬ ಸಣ್ಣ ಹುಡುಗಿ ತಲೆ ತಿರುಗುತ್ತದೆ ಎಂದು ಮರದ ಬುಡದಲ್ಲಿ ಕೂತುಬಿಟ್ಟಳು. ಬೆಳಗ್ಗೆ ಏನೂ ತಿಂದು ಬಂದಿರಲಿಲ್ಲವಂತೆ. ಮುಖ ಬಿಳಿಚಿಕೊಂಡಿತ್ತು. ಇನ್ನು ಯೋಚನೆ ಮಾಡಲು ಏನಿತ್ತು? ರಂಜಿನಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

ಮೀಟಿಂಗ್ ಮುಗಿಸಿ ಆಗಲೇ ಭದ್ರಾವತಿಯಲ್ಲಿ ಬಸ್ ಇಳಿದಿದ್ದ ಶಿವಮೂರ್ತಪ್ಪನವರು ಇಪ್ಪತ್ತು ನಿಮಿಷದಲ್ಲಿ ವಾಚ್‌ಮನ್ ಭೂತಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಮಕ್ಕಳನ್ನು ಎರಡು ಸಲ ತಾವೇ ಎಣಿಸಿದರು. ಬರುವ ದಾರಿಯಲ್ಲಿ ತಂದಿದ್ದ ಬಿಸ್ಕತ್ತು, ನೀರು ಕೊಟ್ಟ ಮೇಲೆ ಅಕ್ಷರಾ ಎದ್ದು ಕೂತಳು. ಆಮೇಲೆ ರಂಜಿನಿಯನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಪಾಠ ಕೆಟ್ಟದ್ದು ಅಂತ ನಾನು ಹೇಳಲ್ಲಮ್ಮ. ಆದ್ರೆ ನನಗಿನ್ನೂ ಎರಡು ವರ್ಷ ಸರ್ವೀಸಿದೆ. ನಾಳೆಯಿಂದ ಬರ್ಬೇಡಿ."

ಅವಳು ಆಯ್ತು ಸರ್ ಎಂದಳು. ಅಕ್ಷರಾಳನ್ನು ಆಟೋದಲ್ಲಿ ಕೂರಿಸಿಕೊಂಡು ಅವರು ಮುಂದೆ ಹೋದರು. ಉಳಿದವರನ್ನು ಸಾಲು ಮಾಡಿಸಿ ರಂಜಿನಿ ಹಿಂದಿನಿಂದ ನಡೆದಳು. ಇಂಪನಾ ಸಾಲು ಬಿಟ್ಟು ಬಂದು ಅವಳ ಪಕ್ಕ ಹೆಜ್ಜೆ ಹಾಕಿದಳು. ಮಿಸ್ ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದಳು. ಬೀಗ ಹಾಕಿದ್ದಕ್ಕೆ ಹೆದರಿಕೆಯಾಯಿತು ಕಣೇ ಎಂದು ರಂಜಿನಿ ಇದ್ದದ್ದನ್ನೇ ಹೇಳಿದಳು.

"ಅಯ್ಯೋ, ಬೀಗ ದಿನಾ ಹತ್ತು ಗಂಟೆಗೇ ಹಾಕ್ತಾರೆ ಮಿಸ್. ಟಾಯ್ಲೆಟ್ ಹಿಂದ್ಗಡೆ ಎರಡು ಸರಳು ಇಲ್ಲ, ದೊಡ್ಡೋರೂ ತೂರ್ಬೋದು. ನಾವು ಮಧ್ಯಾಹ್ನ ಆಡಕ್ಕೆ ಬರೋದೇ ಅಲ್ಲಿಂದ."

ರಂಜಿನಿ ನಿಂತುಬಿಟ್ಟಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ವಾಪಸ್ ಕರ್ಕೊಂಡು ಹೋಗ್ತಿದ್ರಲ್ಲ ಮಿಸ್. ಯಾರೂ ಹೇಳ್ಬಾರ್ದು ಅಂತ ಎಲ್ರೂ ಮಾತಾಡ್ಕೊಂಡ್ವಿ. ಅಕ್ಷರಾಗೆ ತಲೆ ತಿರುಗಿದ್ ತಕ್ಷಣ ಹೇಳೋಣ ಅಂತ ಬಂದೆ. ಅಷ್ಟ್ರಲ್ಲಿ ನೀವು ಫೋನ್ ಮಾಡ್ಬಿಟ್ಟಿದ್ರಿ."

ರಂಜಿನಿಗೆ ಸಿಟ್ಟು ನೆತ್ತಿಗೇರಿತು. ಬೈಯಲೆಂದೇ ಬಾಯಿ ತೆರೆದಳು. ಏನೆಂದು ಬೈಯುವುದು? ಅವಳ ಪಾಠ ಮುಗಿಯಬಾರದು ಎಂದು ಹತ್ತೊಂಬತ್ತು ಮಕ್ಕಳು ಹಸಿವು, ಬಾಯಾರಿಕೆ ಎರಡನ್ನೂ ನುಂಗಿಕೊಂಡು ಕೂತಿದ್ದವು. ಇಷ್ಟು ವರ್ಷ ಅವಳು ಬಯಸಿದ್ದು ಅದನ್ನೇ. ಅದು ಸಿಕ್ಕ ದಿನವೇ ಕೆಲಸ ಹೋಯಿತು. ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಾಳೆ ಎಲ್ಲಿಗೆ ಮಿಸ್?" ಎಂದಳು ಇಂಪನಾ.

ಲಾರಿಯೊಂದು ಬರುತ್ತಿತ್ತು. ರಂಜಿನಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊದಲು ರಸ್ತೆ ದಾಟು ಎಂದಷ್ಟೇ ಹೇಳಿ, ಮಕ್ಕಳನ್ನು ಒಬ್ಬೊಬ್ಬರಾಗಿ ಆಚೆಗೆ ದಾಟಿಸಿದಳು.