ಅಳಿವೆ ಬಾಯಿಯ ಕಾಂಕಾರ್ಡ್

ಶಬ್ದವನ್ನೇ ಹಿಂದೆ ಹಾಕುತ್ತಿದ್ದ ಕಾಂಕಾರ್ಡ್ ವಿಮಾನ ಇನ್ನು ಹಾರುವುದಿಲ್ಲ ಎಂದು ಪೇಪರಿನಲ್ಲಿ ಓದಿದ ದಿನ ನನ್ನ ಗಂಡ ವಿಶಾಲ ಊಟ ಬಿಟ್ಟ. ಹೆತ್ತ ತಾಯಿ ಸತ್ತಾಗಲೂ ಹೊತ್ತಿಗೆ ಸರಿಯಾಗಿ ಉಂಡವ ಅವ. ನಮ್ಮ ಮನೆಯಲ್ಲಿ ಯಾರೂ ಯಾವ ವಿಮಾನದ ಏಣಿಯನ್ನೂ ಮುಟ್ಟಿದವರಲ್ಲ.

"ಎಣ್ಣೆ ರಾಶಿ ಕುಡಿತಿತ್ತಂತೆ ಭಾವ, ಸೀಟೂ ಕಡ್ಮೆ. ಅದ್ಕೇ ನಿಲ್ಸಿದ್ರು" ಎಂದ ನನ್ನ ತಮ್ಮ ಈರ.

"ಅವ್ರಿಗೆ ಧೈರ್ಯ ಇಲ್ಲ. ನಾ ತೋರಿಸ್ತೆ" ಎಂದ ವಿಶಾಲ.

ತೋರಿಸಲು ಅವನಿಗೆ ಸಿಕ್ಕಿದ್ದು ನಮ್ಮಪ್ಪ ಬಿಟ್ಟುಹೋದ ಮೀನಿನ ಬೋಟು. ಅದು ನನ್ನದೂ ಈರನದೂ. ಎರಡು ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ನಾವು ಬೇಡ ಎಂದದ್ದು ಮಹಾ ಎಂಜಿನಿಯರರ ಕಿವಿಗೆ ಬೀಳಲಿಲ್ಲ. ಬೋಟಿನ ಅಗಲ ಮೂತಿ ಕೊಯ್ಯಿಸಿ ಚೂಪು ಮೂತಿ ಕೂರಿಸಿದ. ದೊಡ್ಡ ಎಂಜಿನ್ ತಂದ. ಅದಕ್ಕೂ ಅದರ ಡೀಸೆಲ್ಲಿಗೂ ಜಾಗ ಸಾಲದೆ ಐಸ್ ತುಂಬುವ ಪೆಟ್ಟಿಗೆಯನ್ನೇ ಕಿತ್ತು ಹಾಕಿದ.

"ಐಸ್ ಇಲ್ದೆ ಮೀನು ಎಂತ ಆಗೂದು?" ಎಂದೆ.

"ಐಸ್ ಬೇಕಾಗೂದು ನಿಧಾನ ಬರೋರಿಗೆ. ನಾ ದಡ ಮುಟ್ಟೂವರೆಗೆ ಸತ್ತದ್ದು ಮೀನಿಗೇ ಗೊತ್ತಾಗೂದಿಲ್ಲ."

ಮೊದಲ ದಿನ ಬಲೆ ತುಂಬ ಬಂಗಡೆ. ಉಳಿದ ಬೋಟುಗಳು ಕಣ್ಣಿಗೆ ಬೀಳುವ ಮೊದಲೇ ವಿಶಾಲ ಹೊನ್ನಾವರದ ಅಳಿವೆಯ ಹೊರಗೆ ಬಂದು ನಿಂತಿದ್ದ. ನಿಲ್ಲಲೇಬೇಕಿತ್ತು. ಹೊಳೆ ಸಮುದ್ರ ಸೇರುವ ಆ ಬಾಯಲ್ಲಿ ಮರಳಿನ ದಿಬ್ಬವಿದೆ. ಉಬ್ಬರದ ನೀರು ಏರದೆ ಯಾವ ಬೋಟೂ ಒಳಗೆ ಬರುವಂತಿಲ್ಲ. ಹುಟ್ಟಿದಾಗಿನಿಂದ ಇದೇ ಅಳಿವೆ ದಾಟಿದವನಿಗೆ, ತಾನು ಅವಸರ ಮಾಡಿದರೆ ಸಮುದ್ರವೂ ಅವಸರ ಮಾಡುತ್ತದೆ ಎಂದು ಯಾರು ಹೇಳಿಕೊಟ್ಟರೋ! ನೆತ್ತಿ ಸುಡುವ ಬಿಸಿಲಿನಲ್ಲಿ ಲಂಗರು ಹಾಕಿ ಕೂತ. ನಮ್ಮ ಕೇರಿಯ ಹೊನ್ನನ ಮುದಿ ಬೋಟು ಏದುಸಿರು ಬಿಡುತ್ತ ಬಂದು ಮುಟ್ಟುವ ಹೊತ್ತಿಗೆ ಉಬ್ಬರವೂ ಬಂತು. ಎಲ್ಲರೂ ಒಟ್ಟಿಗೇ ಒಳಗೆ ಬಂದರು.

ಹೊನ್ನನ ಮೀನು ಐಸಿನ ನಡುವೆ ಹೊಳೆಯುತ್ತಿತ್ತು. ನಮ್ಮ ಬಂಗಡೆಯ ಹೊಟ್ಟೆ ಒಡೆದಿತ್ತು. ವ್ಯಾಪಾರಿ ಮೂಗು ಮುಚ್ಚಿಕೊಂಡು, "ತೆಂಗಿನ ಬುಡಕ್ಕೆ ಹಾಕಿ" ಎಂದು ಮುಂದೆ ಹೋದ.

"ಆದ್ರೂ ಎಲ್ಲರಿಗಿಂತ ಮೊದ್ಲು ಬಂದವ ನಾನೇ" ಎಂದ ವಿಶಾಲ, ನಾಚಿಕೆಯಿಲ್ಲದೆ. ನನಗೆ ಮೈಯೆಲ್ಲ ಉರಿಯಿತು.

ಈರ ಹೊನ್ನನ ಬೋಟಿನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತ.

"ಹೊನ್ನಣ್ಣ, ನಾಳೆಯಿಂದ ನಿಮ್ಮ ಬೋಟಿಗೆ ಕೆಲ್ಸಕ್ಕೆ ಬರ್ಲಾ?"

"ಎಂತಕ್ಕಾ? ನಿಮ್ದೇ ವಿಮಾನ ಇತ್ತಲಾ!" ಎಂದು ಹೊನ್ನನ ಆಳುಗಳು ಬಿದ್ದು ಬಿದ್ದು ನಕ್ಕರು.

ಈರ ತಾನೂ ನಗಲು ನೋಡಿದ. ಆಗಲಿಲ್ಲ.