ಅಣ್ಣನ ಹೆಸರಿನ ದಿನಚರಿ

ಬ್ರಿನ್ ಕೆಲಿನ್ ಎಂಬ ನಮ್ಮ ಮನೆಯ ಯಜಮಾನ ದಿನಚರಿ ಬರೆಯದೆ ಮಲಗಬಾರದು ಎಂಬುದು ನಮ್ಮ ಅಜ್ಜ ಮಾಡಿಟ್ಟ ಕಟ್ಟಳೆ. ಅಪ್ಪ ಸತ್ತ ಮೇಲೆ ಆ ಕೆಲಸ ಅಣ್ಣ ಮೋರಿಸನ ತಲೆಗೆ ಬಂತು. ಅವನೋ, ಹಗಲೆಲ್ಲ ಬೇಟೆನಾಯಿಗಳ ಹಿಂದೆ ಬೆಟ್ಟ ಸುತ್ತಿ, ಊಟಕ್ಕೆ ಕೂತರೆ ಬ್ರಾಂದಿ ಖಾಲಿಯಾಗುವ ತನಕ ಏಳುವ ಆಸಾಮಿಯಲ್ಲ. ವಾರ ಕಳೆಯುವುದರೊಳಗೆ ಪುಸ್ತಕವನ್ನು ತಂಗಿಯಾದ ನನ್ನ ಕಡೆ ತಳ್ಳಿ, ಲೌರಿ, ನೀನೇ ಏನಾದರೂ ಗೀಚು ಎಂದ. ಗೀಚಿದೆ. ವರ್ಷಗಟ್ಟಲೆ ಗೀಚಿದೆ.

ಹೆಸರು ಅವನದಾದರೂ ಕಣ್ಣು ನನ್ನದೇ ಅಲ್ಲವೆ? ಹಿಮದಲ್ಲಿ ಈದ ಕುರಿಯನ್ನು ಕಾದು ಕೂತದ್ದು, ಅಮ್ಮನಿಲ್ಲದ ಕೋಣೆಯಲ್ಲಿ ಕೂರಲಾಗದೆ ಎದ್ದು ಬಂದದ್ದು, ಎಲ್ಲವನ್ನೂ ಮೋರಿಸನಾಗಿಯೇ ಬರೆದೆ. ಕುರಿ ಈದ ಹೊತ್ತಿಗೆ ಅವನು ಕುಡಿದು ಬಿದ್ದಿದ್ದ, ಆ ಮಾತು ಬೇರೆ.

ಈ ವಸಂತದಲ್ಲಿ ನೆಂಟರು ಅಣ್ಣನಿಗೆ ಹೆಣ್ಣು ಗೊತ್ತುಮಾಡಲು ಹೊರಟರು. ನಮ್ಮ ಸೀಮೆಯ ದೊಡ್ಡ ಮನೆಗಳಲ್ಲಿ ಮೊದಲು ಹೆಣ್ಣಿನ ಕಡೆಗೆ ಗಂಡಿನ ವಂಶಾವಳಿಯ ಸುರುಳಿ ಹೋಗಬೇಕು. ಒಂಬತ್ತು ತಲೆಮಾರು ನೆಟ್ಟಗಿದ್ದರೆ ಮುಂದಿನ ಮಾತು. ಹೆಣ್ಣಿನ ಅಪ್ಪ ಅದೂ ಸಾಲದೆಂದು ದಿನಚರಿಯನ್ನೂ ತರಿಸಿಕೊಂಡರು. ಅಣ್ಣ ಒಂದು ಹಾಳೆಯನ್ನೂ ತಿರುವದೆ ಕಟ್ಟಿಸಿ ಕಳಿಸಿದ.

ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದಿದ್ದ ಅವರ ಮಗಳು ಜೋನೆಟ್, ದಿನಚರಿ ಓದಿ ಒಪ್ಪಿಬಿಟ್ಟಳು. ಇಂಥ ಮನಸ್ಸಿನವನಾದರೆ ಕಣ್ಣು ಮುಚ್ಚಿ ಬರುತ್ತೇನೆ ಎಂದಳಂತೆ. ಅಣ್ಣ ಕನ್ನಡಿಯೆದುರು ನಿಂತು ವಿಗ್ ಸರಿಮಾಡಿಕೊಂಡ. ನನಗೆ ಮಾತ್ರ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮಜ್ಜಿಗೆ ಕಡೆಯಲು ಹೋದವಳು ಅರ್ಧಕ್ಕೇ ಬಿಟ್ಟು ತೋಟಕ್ಕೆ ನಡೆಯುವುದು, ತೋಟದಿಂದ ಅಟ್ಟಕ್ಕೆ. ಆ ಹುಡುಗಿ ಕೈಹಿಡಿಯುತ್ತಿರುವುದು ಯಾರನ್ನು? ನಿಜ ಹೇಳಿಬಿಡೋಣ ಎಂದು ಅಣ್ಣನ ಬೆನ್ನು ಬಿದ್ದೆ.

"ಬಾಯ್ಮುಚ್ಕೊಂಡಿರು. ಮದುವೆ ಆದ್ಮೇಲೆ ನೀನು ಬಾಲಾದಲ್ಲಿರೋ ಚಿಕ್ಕಮ್ಮನ ಮನೆಗೆ ಹೋಗೋಳು. ನಿನಗ್ಯಾಕೆ ಈ ಉಸಾಬರಿ?" ಎಂದ.

ನನ್ನನ್ನು ಮನೆಯಿಂದ ಸಾಗಹಾಕುವ ಸುದ್ದಿ ನನಗೆ ತಿಳಿದದ್ದೇ ಹೀಗೆ. ಮೈಯೆಲ್ಲ ಉರಿದುಹೋಯಿತು.

ಮದುವೆಯ ಕರಾರಿಗೆಂದು ಅಪ್ಪ ಮಗಳು ಬಂದ ದಿನ, ಗಂಡಸರು ಹೊಸ ಕುದುರೆ ನೋಡಲು ಲಾಯಕ್ಕೆ ಹೋದರು. ಇದೇ ಸಮಯವೆಂದು ಜೋನೆಟ್‌ಳನ್ನು ಹಾಲಿನ ಮನೆಗೆ ಕರೆದೊಯ್ದು ಎಲ್ಲ ಹೇಳಿದೆ, ನನ್ನನ್ನು ಬಾಲಾಗೆ ಸಾಗಹಾಕುವುದನ್ನೂ. ಒಂದು ಸಾಲೂ ಅಣ್ಣನದಲ್ಲ, ಬೇಡವೆನ್ನುವುದಾದರೆ ಈಗಲೇ ಅನ್ನು ಎಂದೆ. ಅವಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಸಹಿ ಬಿದ್ದಾಯ್ತು ಅಕ್ಕ. ನೀವು ಒಳಗೆ ರೊಟ್ಟಿ ಸುಡ್ತಿದ್ರಲ್ಲ, ಆಗ್ಲೇ," ಎಂದಳು. ಕರಾರು ಊಟದ ಮೇಲೆ ಎಂದು ನಂಬಿದ್ದೆ. ಆತುರಗೆಟ್ಟ ಅಣ್ಣ ಮೊದಲೇ ಮುಗಿಸಿದ್ದ. ಅಪ್ಪನಿಗೆ ಹೇಳು, ನಾನೂ ಜೊತೆಗಿರುತ್ತೇನೆ ಎಂದೆ. ಆಗದೆಂದು ಅವಳು ತಲೆಯಾಡಿಸಿದಳು. ಬಂದವರನ್ನೆಲ್ಲ ಬೇಡ ಎಂದವಳ ಮಾತು ಇನ್ನು ಅಪ್ಪ ಕೇಳುವುದಿಲ್ಲವಂತೆ.

ಹೊರಗೆ ಗಂಡಸರ ನಗು ಹತ್ತಿರವಾಗುತ್ತಿತ್ತು. ಜೋನೆಟ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾಲಾಗೆ ಹೋಗ್ಬೇಡಿ. ನೀವಿಲ್ದೆ ನಾನು ಈ ಮನೆ ಹೊಸಿಲು ದಾಟಲ್ಲ ಅಂತೀನಿ, ಅಷ್ಟಾದ್ರೂ ನಡೆಸ್ಕೊಡ್ತಾರೆ. ನೀವು ಬರೀತಾನೇ ಇರಿ, ಅವರ ಹೆಸರಲ್ಲೇ. ನಾನು ದಿನಾ ಓದ್ತೀನಿ. ಓದಿದ್ದನ್ನ ನೆನೆಸ್ಕೊಂಡು ಅವರ ಮುಖ ನೋಡ್ತೀನಿ."

ಅವಳನ್ನು ಬಿಡಿಸಲೆಂದು ಹೋದವಳು ನಾನು. ಹೂಂ ಎನ್ನುವಾಗ ಅಳು ತಡೆಯಲಾಗಲಿಲ್ಲ.